ಡಬ್ಬಿ ಎಲ್ಲಿ ಖಾಲಿ ಮಾಡುವುದು ಸ್ವಾಮೀ?

ಮಾನ್ಯ ಸಂಪಾದಕರೇ,

ನಾನು 31 ವರ್ಷ ಖಾಸಗಿ ಬಸ್ ಓಡಿಸಿದವನು. ಜಾಸ್ತಿ ಕಾಲ ಉಡುಪಿ–ಹೆಬ್ರಿ–ಆಗುಂಬೆ ಲೈನು, ಕೊನೆಗೆ ಕೆಲವು ವರ್ಷ ಮಂಗಳೂರು–ಕುಂದಾಪುರ ಎಕ್ಸ್‌ಪ್ರೆಸ್. ಸ್ಟೇರಿಂಗ್ ಬಿಟ್ಟು 3 ವರ್ಷವಾಯಿತು. ಪತ್ರಿಕೆಗೆ ಬರೆಯುತ್ತಿರುವುದು ಇದೇ ಮೊದಲು. ವಿಷಯ ಸ್ವಲ್ಪ ಗಲೀಜಿನದ್ದು: ಮಲಗಲು, ಅಡುಗೆ ಮಾಡಲು ಜಾಗ ಇರುವ ಕ್ಯಾರವಾನ್ ಗಾಡಿಯ ಟಾಯ್ಲೆಟ್ ಡಬ್ಬಿಯನ್ನು ದಾರಿಯಲ್ಲಿ ಎಲ್ಲಿ ಖಾಲಿ ಮಾಡುವುದು ಎಂಬುದು. ಬೆಳಗ್ಗಿನ ಚಹಾ ಕುಡಿಯುತ್ತಾ ಪೇಪರ್ ಓದುವವರು ಮೊದಲು ಚಹಾ ಮುಗಿಸಿಕೊಳ್ಳಿ.

ಕಳೆದ ಅಕ್ಟೋಬರಿನಲ್ಲಿ ಅಮ್ಮನನ್ನು ಕ್ಯಾರವಾನಿನಲ್ಲಿ ಕೂರಿಸಿಕೊಂಡು 5 ದಿನ ತಿರುಗಾಡಿ ಬಂದೆವು. ನಾನು, ಹೆಂಡತಿ, ಅಮ್ಮ. ಬ್ರಹ್ಮಾವರದಿಂದ ಮರವಂತೆ, ಹೊನ್ನಾವರದಲ್ಲಿ ತಂಗಿಯ ಮನೆ, ಆಮೇಲೆ ಜೋಗ, ಸಾಗರ ದಾಟಿ ತುಮರಿ ಕಡೆ ಚಿಕ್ಕಮ್ಮನ ಮನೆ, ಕೊಲ್ಲೂರಿನ ಮೇಲೆ ವಾಪಸ್. ಗಾಡಿ ನನ್ನದಲ್ಲ. ಅಕ್ಕನ ಮಗ ಮಂಗಳೂರಿನಲ್ಲಿ ಟ್ರಾವೆಲ್ಸ್ ಇಟ್ಟಿದ್ದಾನೆ, ಅವನದು. ಟೆಂಪೋ ಟ್ರಾವೆಲರಿನೊಳಗೆ ಎರಡು ಮಂಚ, ಒಂದು ಗ್ಯಾಸ್ ಒಲೆ, ಒಂದು ಸಿಂಕ್, ಮೂಲೆಯಲ್ಲಿ ಬಟ್ಟೆ ಕಪಾಟಿನಷ್ಟು ಅಗಲದ ಟಾಯ್ಲೆಟ್. ಆ ಟಾಯ್ಲೆಟ್ಟೇ ನಮ್ಮ ಪ್ರವಾಸಕ್ಕೆ ಕಾರಣ.

ಅಮ್ಮನಿಗೆ 82. ಕಣ್ಣು, ಕಿವಿ, ನಾಲಿಗೆ ಮೂರೂ ಚುರುಕು. ನಾಲಿಗೆ ಸ್ವಲ್ಪ ಜಾಸ್ತಿಯೇ ಚುರುಕು. ಮೊಣಕಾಲು ಮಾತ್ರ ಮಡಚುವುದಿಲ್ಲ. ಮನೆಯಲ್ಲಿ ಕಮೋಡ್ ಹಾಕಿಸಿದ್ದೇವೆ. ಹೊರಗೆ ಎಲ್ಲಾದರೂ ನೆಲದ ಪಾಯಿಖಾನೆಯಲ್ಲಿ ಕೂತರೆ ಎಬ್ಬಿಸಲು ಇಬ್ಬರು ಬೇಕು. ಹಾಗಾಗಿ ಎಷ್ಟೋ ವರ್ಷದಿಂದ ಮದುವೆಗೂ ಇಲ್ಲ, ಗೃಹಪ್ರವೇಶಕ್ಕೂ ಇಲ್ಲ. ಕರೆದರೆ "ನಂಗೆ ಸೆಕೆ ಆತ್ತ್" ಎಂಬ ನೆಪ. ಸೆಕೆಯ ಅರ್ಥ ನಮಗೆಲ್ಲ ಗೊತ್ತು, ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ.

ಇದು ನನ್ನ ಅಮ್ಮ ಒಬ್ಬಳ ಕತೆಯಲ್ಲ. ಬಸ್ಸಿನ ಕನ್ನಡಿಯಲ್ಲಿ 31 ವರ್ಷ ನೋಡಿದ್ದೇನೆ. ಹೆಂಗಸರು ಬಾಟ್ಲಿ ತೆಗೆಯುತ್ತಾರೆ, ಮಗುವಿಗೆ ಕುಡಿಸುತ್ತಾರೆ, ತಾವು ಒಂದು ಗುಟುಕು ಬಾಯಿ ಒದ್ದೆ ಮಾಡಿಕೊಂಡು ಮುಚ್ಚಳ ಹಾಕಿ ಚೀಲಕ್ಕೆ ತುರುಕುತ್ತಾರೆ. ಮಾರ್ಚ್ ತಿಂಗಳಲ್ಲೂ ಹಾಗೇ. ಹೋಟೆಲಿನ ಎದುರು ನಿಲ್ಲಿಸಿದಾಗ ಒಂದೇ ಶೌಚಾಲಯಕ್ಕೆ ಹತ್ತು ಜನರ ಸಾಲು. ಹಿಂದಿನ ಬಸ್ಸಿನವನು ಟೈಮ್ ತಿನ್ನುತ್ತಾನೆ ಎಂದು ಹಾರ್ನ್ ಹೊಡೆದು ಆ ಸಾಲನ್ನು ಓಡಿಸಿದವನೂ ನಾನೇ. ಒಬ್ಬರು ಅಜ್ಜಿ ಅರ್ಧಕ್ಕೇ ಬಂದು ಹತ್ತಿ, ನನ್ನನ್ನು ಒಂದು ಸಲ ನೋಡಿ ಸುಮ್ನೆ ಕೂತಿದ್ದರು. ಅವರ ಮುಖ ಈಗಲೂ ನೆನಪಿದೆ.

ಮೊದಲು ಇಂಥ ಗಾಡಿ ನೋಡಿದ್ದು ಅಮೆರಿಕದಲ್ಲಿ. ಮಗ ಅರಿಜೋನಾದ ಫೀನಿಕ್ಸಿನಲ್ಲಿದ್ದಾನೆ. 2 ವರ್ಷದ ಹಿಂದೆ ನಮ್ಮನ್ನು ಕರೆಸಿಕೊಂಡಿದ್ದ. ಅಲ್ಲಿ ಇದಕ್ಕೆ ಆರ್‌ವಿ ಅನ್ನುತ್ತಾರೆ. ಬಾಡಿಗೆಗೆ ಒಂದು ತೆಗೆದುಕೊಂಡು ಗ್ರ್ಯಾಂಡ್ ಕ್ಯಾನ್ಯನ್ ತೋರಿಸಿದ. ಕೊಲೊರಾಡೊ ನದಿ ಕೊರೆದ ಕಣಿವೆ, ಒಂದೂವರೆ ಕಿಲೋಮೀಟರಿಗೂ ಜಾಸ್ತಿ ಆಳ. ಅಂಚಿನಲ್ಲಿ ನಿಂತು ನನ್ನ ಹೆಂಡತಿ ಬಹಳ ಹೊತ್ತು ನೋಡಿ, "ನಮ್ಮ ಕೆಂಪುಕಲ್ಲು ಕ್ವಾರಿ ಹಾಗೇ ಉಂಟಲ್ವಾ, ಸ್ವಲ್ಪ ದೊಡ್ಡದು" ಎಂದಳು. ಮಗ ತಲೆ ಚಚ್ಚಿಕೊಂಡ.

ನನ್ನ ಕಣ್ಣಿಗೆ ಬಿದ್ದದ್ದು ಬೇರೆ. ಕ್ಯಾಂಪ್‌ಗ್ರೌಂಡಿನ ಪಕ್ಕದಲ್ಲಿ ಒಂದು ಕಾಂಕ್ರೀಟ್ ಕಟ್ಟೆ. ನಡುವಿಗೆ ಇಳಿಜಾರು, ನಡುವೆ ಒಂದು ತೂತು, ಅದಕ್ಕೆ ಮುಚ್ಚಳ. ಪಕ್ಕದಲ್ಲಿ ತೊಳೆಯಲು ಪೈಪು, ಅದು ಕುಡಿಯುವ ನೀರಲ್ಲ ಎಂಬ ಬೋರ್ಡು. ಗಾಡಿಗಳು ಸಾಲಾಗಿ ಬರುತ್ತವೆ, ಕೈಗೆ ಗ್ಲೌಸ್ ಹಾಕಿಕೊಂಡು ಇಳಿಯುತ್ತಾರೆ, ದಪ್ಪ ಪೈಪು ಜೋಡಿಸುತ್ತಾರೆ, ಖಾಲಿ ಮಾಡುತ್ತಾರೆ, ತೊಳೆಯುತ್ತಾರೆ, ಹೋಗುತ್ತಾರೆ. ಡಂಪ್ ಸ್ಟೇಷನ್ ಅಂತ ಹೆಸರು. ಯಾರಿಗೂ ನಾಚಿಕೆ ಇಲ್ಲ. ನಾನು ಕಣಿವೆಗಿಂತ ಜಾಸ್ತಿ ಹೊತ್ತು ಅದನ್ನೇ ನೋಡುತ್ತಾ ನಿಂತಿದ್ದೆ ಎಂದು ಮಗ ಇವತ್ತಿಗೂ ಹಂಗಿಸುತ್ತಾನೆ.

ಇನ್ನು ನಮ್ಮ ಪ್ರವಾಸ. ಗಾಡಿಯಲ್ಲಿ ಮೂರು ಟ್ಯಾಂಕು. ಒಳ್ಳೆ ನೀರಿಗೆ 100 ಲೀಟರಿನದು, ಸಿಂಕಿನ ಕೊಳಕು ನೀರಿಗೆ 60 ಲೀಟರಿನದು, ಟಾಯ್ಲೆಟ್ ಕೆಳಗೆ 20 ಲೀಟರಿನ ಒಂದು ಪ್ಲಾಸ್ಟಿಕ್ ಡಬ್ಬಿ. ಡಬ್ಬಿಯನ್ನು ಹೊರಗಿನ ಸಣ್ಣ ಬಾಗಿಲಿನಿಂದ ಸೂಟ್‌ಕೇಸ್ ಹಾಗೆ ಎಳೆದು ತೆಗೆಯಬಹುದು. ಅದರೊಳಗೆ ವಾಸನೆ ಬಾರದ ಹಾಗೆ ಒಂದು ಔಷಧಿ ಹಾಕುತ್ತಾರೆ. ಮೂವರಿಗೆ ಎರಡು ದಿನ, ಕಷ್ಟಪಟ್ಟರೆ ಎರಡೂವರೆ ದಿನ ಸಾಕು.

ಮೊದಲ ದಿನ ಮಧ್ಯಾಹ್ನ ಹೊರಟು ಮರವಂತೆಯಲ್ಲಿ ನಿಲ್ಲಿಸಿದೆವು. ಮರವಂತೆ ನಮಗೆ ಹೊಸದೇನಲ್ಲ. ಪಡುವಣಕ್ಕೆ ಸಮುದ್ರ, ಮೂಡಣಕ್ಕೆ ಸೌಪರ್ಣಿಕಾ ಹೊಳೆ, ನಡುವೆ ಹೈವೇ 66. ಎಷ್ಟು ಸಲ ಆ ದಾರಿಯಲ್ಲಿ ಹೋಗಿದ್ದರೂ ಅಮ್ಮ ಅಲ್ಲಿ ಕೂತು ಸೂರ್ಯ ಮುಳುಗುವುದನ್ನು ನೋಡಿದ್ದಿಲ್ಲ. ಮಂಚದ ಪಕ್ಕದ ಕಿಟಕಿ ಸರಿಸಿ ಕೊಟ್ಟೆ. ಆಗ ಸಿಂಕಿನಿಂದ ಕೊಳೆತ ಗಂಜಿಯ ವಾಸನೆ. ನಮಗಿಂತ ಮುಂಚೆ ಗಾಡಿ ತೆಗೆದುಕೊಂಡವರು ಕೊಳಕು ನೀರಿನ ಟ್ಯಾಂಕು ಖಾಲಿ ಮಾಡದೆ ಬಿಟ್ಟಿದ್ದರು. ನಾನು ಕೆಳಗಿಳಿದೆ, ಅತ್ತ ಇತ್ತ ನೋಡಿದೆ, ಮರಳಿನ ಮೇಲೆ ವಾಲ್ವ್ ತಿರುಗಿಸಿಬಿಟ್ಟೆ. ಸಮುದ್ರ ಅಲ್ವಾ, ಮರಳು ಅಲ್ವಾ, ಕುಡಿದುಕೊಳ್ಳುತ್ತದೆ ಅಂದುಕೊಂಡೆ.

ಕುಡಿಯಲಿಲ್ಲ. ಅನ್ನದ ಅಗುಳು, ಕೊತ್ತಂಬರಿ ದಂಟು, ಎಣ್ಣೆಯ ಪದರ ಎಲ್ಲ ಸೇರಿ ಒಂದು ಕೆರೆ ಆಯಿತು. ಆ ಕೆರೆ ನಿಧಾನಕ್ಕೆ ಹರಿದು ಎಲ್ಲಿಗೆ ಹೊರಟಿತು ನೋಡಿ, ಹತ್ತು ಹೆಜ್ಜೆ ಆಚೆ ಹಾಸಿದ್ದ ಒಣಮೀನಿನ ಚಾಪೆ ಕಡೆಗೆ. ಒಬ್ಬರು ಹೆಂಗಸು ಎದ್ದು ಬಂದರು.

"ಹ್ವಾಯ್ ಅಯ್ಯ, ಇದ್ ನಾವ್ ಮೀನ್ ಒಣ್ಸು ಜಾಗ. ನಿಮ್ಮನಿ ಬಚ್ಚಲ್ ಅಲ್ಲ."

ನನಗೆ ಉತ್ತರ ಬರಲಿಲ್ಲ. ಅವರು ಹೋಗಿ ಒಂದು ಹಾರೆ ತಂದು ನನ್ನ ಕೈಗೆ ಕೊಟ್ಟರು. ಗುಂಡಿ ತೋಡಿ, ಆ ನೀರನ್ನೆಲ್ಲ ಅದಕ್ಕೆ ಎಳೆದು, ಮೇಲೆ ಒಣ ಮರಳು ಮುಚ್ಚುವ ತನಕ ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದರು. ಕಿಟಕಿಯಲ್ಲಿ ಅಮ್ಮ ಎಲ್ಲ ನೋಡುತ್ತಿದ್ದಳು. ನನ್ನ ಪರ ಒಂದು ಮಾತೂ ಆಡಲಿಲ್ಲ. ಕೊನೆಗೆ ಇಬ್ಬರೂ ಮಾತಿಗೆ ಶುರುಮಾಡಿ, ಅಮ್ಮ ಅರ್ಧ ಕೆಜಿ ಒಣ ಚಟ್ಲಿ, ಅಂದರೆ ಸಿಗಡಿ, ಕೊಂಡಳು. ಮುಂದಿನ 4 ದಿನ ಗಾಡಿಯಲ್ಲಿ ಬೇರೆ ಯಾವ ವಾಸನೆಯೂ ಗೆಲ್ಲಲಿಲ್ಲ.

ರಾತ್ರಿ ಮಲಗಿದ್ದು ಒಂದು ಪೆಟ್ರೋಲ್ ಬಂಕಿನ ಹಿಂದೆ, ಲಾರಿಗಳ ಸಾಲಿನಲ್ಲಿ. ಬಂಕಿನವರು ಒಳ್ಳೆಯವರು, ಬೆಳಿಗ್ಗೆ 6ಕ್ಕೆ ಮುಂಚೆ ತೆಗೆಯಿರಿ ಎಂದಷ್ಟೇ ಹೇಳಿದರು. ನೀರು ತುಂಬಿಸಲೂ ಬಿಟ್ಟರು. ಡಬ್ಬಿಯ ವಿಷಯ ಕೇಳಲು ನನಗೇ ಬಾಯಿ ಬರಲಿಲ್ಲ.

ಹೊನ್ನಾವರದ ತಂಗಿಗೆ ಸಿಟ್ಟು ಬಂತು. "ಅಣ್ಣಾ, ತಂಗಿ ಮನೆ ಎದುರು ರಸ್ತೆಯಲ್ಲಿ ಮಲಗಿದ್ರೆ ಜನ ಎಂಥ ಹೇಳ್ತಾರೆ?" ಅವಳ ಮನೆ ಎರಡನೇ ಮಹಡಿ, ಲಿಫ್ಟ್ ಇಲ್ಲ, ಅಮ್ಮ ಹತ್ತಲಾರಳು. ಕೊನೆಗೆ ಅವಳೇ ದೋಸೆ ಹುಯ್ದು ಹುಯ್ದು ಕೆಳಗೆ ತಂದಳು, ಬಿಸಿ ಆರಬಾರದು ಎಂದು ಒಂದೊಂದೇ. ಭಾವ ಚಟ್ನಿ ಪಾತ್ರೆ ಹಿಡಿದುಕೊಂಡು ಹಿಂದೆ ಹಿಂದೆ. ಆ ಹೊತ್ತಿಗೆ ನಮ್ಮ ಡಬ್ಬಿ ತುಂಬಿತೆಂದು ತೋರಿಸುವ ಕೆಂಪು ಗುರುತು ಮೇಲೆ ಬಂದಿತ್ತು. ದೋಸೆ ಇಳಿಯುವ ಮೆಟ್ಟಿಲಿನಲ್ಲಿ ನಾನು ಅದನ್ನು ಹಿಡಿದುಕೊಂಡು ಹತ್ತುವುದು ಹೇಗೆ ಹೇಳಿ? ಹಾಗೇ ಮುಂದೆ ಹೊರಟೆ.

ಗೇರುಸೊಪ್ಪೆ ಘಾಟಿ ಹತ್ತುವಾಗ ಒಂದು ಪಾಠವಾಯಿತು, ಬೇರೆ ಡ್ರೈವರುಗಳಿಗೆ ಉಪಯೋಗವಾದೀತು ಎಂದು ಬರೆಯುತ್ತೇನೆ. ನೀರಿನ ಟ್ಯಾಂಕು ಪೂರ್ತಿ ತುಂಬಿದ್ದರೆ ಗಾಡಿ ಸರಿಯಾಗಿ ಕೂರುತ್ತದೆ. ಅರ್ಧ ಇದ್ದರೆ ತಿರುವಿನಲ್ಲಿ ನೀರು ಒಂದು ಬದಿಗೆ ನುಗ್ಗಿ ಗಾಡಿಯನ್ನು ಎಳೆಯುತ್ತದೆ. ಆಗುಂಬೆಯ 14 ತಿರುವನ್ನು ಕಣ್ಣು ಮುಚ್ಚಿ ತೆಗೆಯುತ್ತಿದ್ದೆ ಎಂಬ ಜಂಬ ನನಗಿತ್ತು. ಇಲ್ಲಿ ಎರಡನೇ ತಿರುವಿಗೇ ಹಿಂದಿನಿಂದ ಸ್ಟೀಲ್ ಲೋಟ, ಪಾತ್ರೆ, ಒಣ ಚಟ್ಲಿಯ ಪೊಟ್ಟಣ ಎಲ್ಲ ಒಟ್ಟಿಗೆ ಬಂದವು. "ನಿಧಾನ ಮಾರಾಯ, ಇದ್ ಬಸ್ಸಲ್ಲ" ಎಂದು ಅಮ್ಮನ ಕೂಗು. ಸಿಂಗಳೀಕ ಕಾಣುತ್ತದೆಯೋ ಎಂದು ದಾರಿಯುದ್ದಕ್ಕೂ ಮರ ನೋಡಿದೆವು. ಕಾಣಲಿಲ್ಲ.

ಜೋಗದಲ್ಲಿ ಬೆಳಿಗ್ಗೆ ಏನೂ ಇಲ್ಲ. ಬರೀ ಮಂಜು. ಶಬ್ದ ಮಾತ್ರ ಕೇಳುತ್ತಿತ್ತು. ಜನ ಬಂದರು, ಬಿಳಿ ಗೋಡೆಯ ಎದುರು ಸೆಲ್ಫಿ ತೆಗೆದರು, ಹೋದರು. ಅವರಿಗೆ ಮುಂದಿನ ಊರು ಮುಟ್ಟುವ ಅವಸರ. ನಮಗೆ ಏನು ಅವಸರ? ಅಮ್ಮನನ್ನು ಗಾಲಿಕುರ್ಚಿಯಲ್ಲಿ ಕಟ್ಟೆಯ ತನಕ ಕರೆದುಕೊಂಡು ಹೋದೆ, ಚಳಿ ಎಂದಳು, ವಾಪಸ್ ಬಂದು ಮಲಗಿದಳು. ಚಹಾ ಮಾಡಿದೆವು. ಅವಲಕ್ಕಿ ಕಲಸಿದೆವು. ಅವಳು ಟಾಯ್ಲೆಟ್ಟಿಗೆ ಹೋದಳು, ಬಂದಳು. ಹನ್ನೊಂದರ ಹೊತ್ತಿಗೆ ಮತ್ತೆ ಕರೆದುಕೊಂಡು ಹೋದೆ.

ಮಂಜು ಮೇಲಿನಿಂದ ಬಿಡಿಸಿಕೊಂಡಿತು. ಮೊದಲು ಎಡದಲ್ಲಿ ರಾಜ ಕಂಡ. ಎಲ್ಲಿಯೂ ಬಂಡೆಗೆ ತಾಗದೆ ಒಂದೇ ನೆಗೆತಕ್ಕೆ 253 ಮೀಟರ್ ಕೆಳಗೆ. ಆಮೇಲೆ ರೋರರ್, ರಾಕೆಟ್, ಕೊನೆಗೆ ಬಂಡೆಯ ಮೇಲೆ ಸೀರೆ ಹರಡಿದ ಹಾಗೆ ರಾಣಿ. ಅಮ್ಮ ಬೆರಳಿನಲ್ಲಿ ನಾಲ್ಕನ್ನೂ ಎಣಿಸಿದಳು. ಮದುವೆಯಾದ ಹೊಸತರಲ್ಲಿ ಅಪ್ಪನ ಜೊತೆ ಬಂದಿದ್ದಳಂತೆ. "ಆಗ ನಿನ್ನ ಅಪ್ಪಯ್ಯ ಮೂರೇ ಇತ್ತ್ ಅಂದಿದ್ರ್. ನಾನ್ ನಾಲ್ಕ್ ಅಂದಿದ್ದೆ" ಎಂದಳು. ಅರವತ್ತು ವರ್ಷದ ಹಳೆಯ ಜಗಳ ಅವತ್ತು ತೀರಿತು.

ಅಮ್ಮನ ತಂಗಿ ಇರುವುದು ಶರಾವತಿ ಹಿನ್ನೀರಿನ ಆಚೆ. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ನೀರು ನಿಂತ ಮೇಲೆ ಆ ಕಡೆಯ ಊರುಗಳು ದ್ವೀಪದ ಹಾಗಾದವು. ಸಾಗರಕ್ಕೆ ಬರಬೇಕೆಂದರೆ ಹೊಳೆಬಾಗಿಲಿನಲ್ಲಿ ಲಾಂಚ್ ಹತ್ತಬೇಕಿತ್ತು. ಸಂಜೆಯ ಕೊನೆಯ ಲಾಂಚ್ ತಪ್ಪಿದರೆ ಬೆಳಿಗ್ಗೆ ತನಕ ಕಾಯಬೇಕಿತ್ತು. 14 ವರ್ಷದ ಹಿಂದೆ ಒಂದು ಮದುವೆಗೆ ಹೋದಾಗ ಲಾಂಚಿಗೆ ಎರಡು ಗಂಟೆ ಬಿಸಿಲಿನಲ್ಲಿ ಕಾದು, ಹತ್ತಿರ ಶೌಚಾಲಯವಿಲ್ಲದೆ ಅಮ್ಮ ಅತ್ತಿದ್ದಳು. ಆಮೇಲೆ ಹೋಗಿರಲಿಲ್ಲ. ಅಕ್ಕತಂಗಿಯರು ಫೋನಿನಲ್ಲೇ ಮಾತು.

2025ರ ಜುಲೈ 14ಕ್ಕೆ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಶುರುವಾಯಿತಲ್ಲ, ಸುಮಾರು 2.4 ಕಿಲೋಮೀಟರ್ ಉದ್ದ, ಅದರ ಮೇಲೆ ನಾವು ಹೋದದ್ದು ಸಂಜೆ ಐದಕ್ಕೆ. ನಡುವೆ ತಂತಿ ಕಟ್ಟಿದ ಕಂಬಗಳು, ಎರಡೂ ಬದಿಗೆ ನೀರು. ಅಮ್ಮ ಕಿಟಕಿಗೆ ಮುಖ ಒತ್ತಿ "ಲಾಂಚ್ ಎಲ್ಲಿ?" ಎಂದು ಕೇಳಿದಳು. ಉತ್ತರ ಹೇಳುವುದರೊಳಗೆ ಸೇತುವೆ ಮುಗಿದಿತ್ತು.

ಚಿಕ್ಕಮ್ಮನಿಗೆ 76. ನಾವು ಗಾಡಿಯಲ್ಲೇ ಮಲಗುತ್ತೇವೆ ಎಂದಾಗ ಅವರೂ ತಂಗಿಯ ಹಾಗೇ ಸಿಟ್ಟಾದರು. ಇಷ್ಟು ದೊಡ್ಡ ಮನೆ, ನಾಲ್ಕು ಕೋಣೆ, ನಿಮಗೆ ರಸ್ತೆಯ ಮೇಲೆ ಮಲಗುವ ಗತಿ ಏನು ಎಂದರು. ಅಮ್ಮ ಅವರನ್ನು ಹತ್ತಿರ ಕರೆದು ಕಿವಿಯಲ್ಲಿ ಏನೋ ಹೇಳಿದಳು. ಅವರ ಮನೆಯಲ್ಲಿರುವುದು ನೆಲದ ಪಾಯಿಖಾನೆ, ಅದೂ ಅಂಗಳದ ಆಚೆ. ಚಿಕ್ಕಮ್ಮ ಗಾಡಿಯೊಳಗೆ ಹೋಗಿ ಆ ಟಾಯ್ಲೆಟ್ ನೋಡಿಬಂದರು. ಅವರಿಗೂ ಮೊಣಕಾಲು ನೋವು. ರಾತ್ರಿ ಊಟವಾದ ಮೇಲೆ ನೋಡಿದರೆ, ತಮ್ಮ ದಿಂಬು ಕಂಕುಳಲ್ಲಿ ಇಟ್ಟುಕೊಂಡು ಗಾಡಿ ಹತ್ತುತ್ತಿದ್ದಾರೆ! ನನಗೂ ಹೆಂಡತಿಗೂ ಜಗಲಿಯಲ್ಲಿ ಚಾಪೆ. ಎರಡು ಗಂಟೆ ತನಕ ಗಾಡಿಯೊಳಗಿನಿಂದ ಇಬ್ಬರ ಪಿಸುಮಾತು, ನಡುನಡುವೆ ನಗು. ಎರಡು ರಾತ್ರಿಯೂ ಅದೇ ಕತೆ.

ಡಬ್ಬಿ ಖಾಲಿಯಾದದ್ದು ಅಲ್ಲಿ. ಚಿಕ್ಕಮ್ಮನ ಮಗ ತಾನೇ ಬಂದು ಒಂದು ಕೈ ಹಿಡಿದ. ಅವರ ಪಾಯಿಖಾನೆಯ ಗುಂಡಿಗೆ ಸುರಿದು ಎರಡು ಕೊಡ ನೀರು ಹಾಕಿದೆವು. ನಾವು ಹಾಕುವ ಔಷಧಿ ಯಾವುದು ಎಂದು ಅವನು ಕೇಳಿದ್ದು ಒಳ್ಳೆಯದಾಯಿತು. ಫಾರ್ಮಾಲ್ಡಿಹೈಡ್ ಇರುವ ಔಷಧಿ ಜಾಸ್ತಿ ಬಿದ್ದರೆ ಸೆಪ್ಟಿಕ್ ಟ್ಯಾಂಕಿನಲ್ಲಿ ಮಲ ಕೊಳೆಸುವ ಬ್ಯಾಕ್ಟೀರಿಯಾ ಸಾಯುತ್ತವೆ, ಟ್ಯಾಂಕು ಕೆಲಸ ಮಾಡುವುದಿಲ್ಲ. ಫಾರ್ಮಾಲ್ಡಿಹೈಡ್ ಇಲ್ಲದ್ದೂ ಸಿಗುತ್ತದೆ, ನಮ್ಮದು ಅದು. ಕ್ಯಾರವಾನ್ ಬಾಡಿಗೆಗೆ ಕೊಡುವವರು ಇದನ್ನು ಗಿರಾಕಿಗಳಿಗೆ ಹೇಳಿಕೊಡಬೇಕು.

ವಾಪಸ್ ಬರುವಾಗ ಕೊಡಚಾದ್ರಿ ನೋಡಿಕೊಂಡು ನಾಗೋಡಿ ಘಾಟಿ ಇಳಿದೆವು. ಚಿಕ್ಕಮ್ಮನೂ ಗಾಡಿಯಲ್ಲಿದ್ದರು, ಹಾಗಾಗಿ ಡಬ್ಬಿ ಬೇಗ ತುಂಬಿತ್ತು. ದಾರಿಯಲ್ಲಿ ಒಂದು ಲಾಡ್ಜಿನಲ್ಲಿ ಕೇಳಿದೆ. ನೂರು ರೂಪಾಯಿ ಕೊಡುತ್ತೇನೆ, ನಿಮ್ಮ ಟಾಯ್ಲೆಟ್ಟಿಗೆ ಸುರಿದು ತೊಳೆದು ಹೋಗುತ್ತೇನೆ ಎಂದೆ. ಮ್ಯಾನೇಜರ್ ನನ್ನನ್ನೂ ಡಬ್ಬಿಯನ್ನೂ ನೋಡಿ, ಬಾಂಬ್ ತಂದವನ ಹಾಗೆ ಹೊರಗೆ ಕಳಿಸಿದರು. ಅವರ ತಪ್ಪಲ್ಲ, ಯಾರೂ ಅವರನ್ನು ಹಾಗೆ ಕೇಳಿರಲಿಕ್ಕಿಲ್ಲ. ಎರಡು ಮೈಲಿ ಮುಂದೆ ಒಂದು ಸಣ್ಣ ಸೇತುವೆಯ ಹತ್ತಿರ ನಮ್ಮಂಥದ್ದೇ ಇನ್ನೊಂದು ಗಾಡಿ ನಿಂತಿತ್ತು. ಇಬ್ಬರು ಹುಡುಗರು ಬಿಳಿ ಪೈಪು ಎಳೆದು ತೊರೆಗೆ ಬಿಡುತ್ತಿದ್ದರು. ಕೆಳಗೆ ಯಾರದೋ ಅಡಿಕೆ ತೋಟ. ನಿಲ್ಲಿಸಿ ಬೈಯಬೇಕು ಅನ್ನಿಸಿತು. ಮರವಂತೆಯ ಹಾರೆ ನೆನಪಾಯಿತು. ಆದರೂ ನಿಲ್ಲಿಸಿದೆ. ಬೈಯಲಿಲ್ಲ, "ಇಲ್ಲಿ ಬೇಡ" ಎಂದೆ. ಒಬ್ಬ ಕೇಳಿದ, "ಮತ್ತೆಲ್ಲಿ ಅಂಕಲ್?" ನಾನು ಹೇಳಲು ಒಂದು ಜಾಗವೂ ಇರಲಿಲ್ಲ. ನಾವು ನಮ್ಮದನ್ನು ಬ್ರಹ್ಮಾವರದ ಮನೆಯ ತನಕ ಹೊತ್ತುಕೊಂಡೇ ಬಂದೆವು.

ಕೇರಳದವರು 2021ರಲ್ಲೇ ಕ್ಯಾರವಾನ್ ಪ್ರವಾಸಕ್ಕೆಂದು ಒಂದು ನೀತಿ ತಂದರು, ಪಾರ್ಕ್ ಮಾಡುವ ಮಾತಾಡಿದರು. ನಮ್ಮಲ್ಲೂ ಯಾರಾದರೂ ದೊಡ್ಡ ಪಾರ್ಕ್, ದೀಪದ ಕಮಾನು, ಹುಲ್ಲುಹಾಸು ಎಂದು ಹೊರಟರೆ ನನಗೆ ಭಯ. ಅದು ಆಗುವಷ್ಟರಲ್ಲಿ ಅಮ್ಮನಿಗೆ 92 ಆಗುತ್ತದೆ. ನಾನು ಕೇಳುವುದು ಎಂಟು ಅಡಿಯ ಒಂದು ಕಾಂಕ್ರೀಟ್ ಕಟ್ಟೆ. ನಡುವೆ ತೂತು, ಮುಚ್ಚಳ, ಅಲ್ಲಿಂದ ಈಗಾಗಲೇ ಇರುವ ಸೆಪ್ಟಿಕ್ ಟ್ಯಾಂಕಿಗೆ ಒಂದು ಪೈಪು. ತೊಳೆಯಲು ಒಂದು ನಳ್ಳಿ. ಕುಡಿಯುವ ನೀರಿನ ನಳ್ಳಿ ಬೇರೆ, ದೂರದಲ್ಲಿ. ಒಂದು ಬೋರ್ಡು. ದೊಡ್ಡ ಸೆಪ್ಟಿಕ್ ಟ್ಯಾಂಕ್ ಇರುವ ಲಾಡ್ಜು, ಬಂಕು, ಯಾತ್ರಿ ನಿವಾಸ, ಬೀಚಿನ ಪಾರ್ಕಿಂಗ್ ಯಾರು ಬೇಕಾದರೂ ಮಾಡಬಹುದು. ಒಂದು ಸಲಕ್ಕೆ 100 ರೂಪಾಯಿ ತೆಗೆದುಕೊಳ್ಳಲಿ, 150 ತೆಗೆದುಕೊಳ್ಳಲಿ. ಮಲ್ಪೆ, ಮರವಂತೆ, ಕೊಲ್ಲೂರು, ಜೋಗ, ಈ ನಾಲ್ಕು ಕಡೆ ಇದ್ದರೆ ನಮ್ಮ ದಾರಿಗೆ ಸಾಕಿತ್ತು.

ಇದೆಲ್ಲ ದುಡ್ಡಿದ್ದವರ ಶೋಕಿ, ಕ್ಯಾರವಾನ್ ಎಷ್ಟು ಜನರ ಹತ್ತಿರ ಇದೆ ಎಂದು ಕೆಲವರು ಕೇಳಬಹುದು. ಸರಿ, ಕ್ಯಾರವಾನ್ ಬಿಡಿ. ಡಿಸೆಂಬರ್ ಬಂದರೆ ಇದೇ ಹೈವೇಯಲ್ಲಿ ಶಾಲಾ ಪ್ರವಾಸದ ಬಸ್ಸುಗಳು, ಶಬರಿಮಲೆಗೆ ಹೋಗುವ ಬಸ್ಸುಗಳು. ಮರದಡಿ ಒಲೆ ಹೂಡಿ ಅಡುಗೆ ಮಾಡುತ್ತಾರೆ, ಪಾತ್ರೆ ತೊಳೆದ ನೀರು ಚರಂಡಿಗೆ, ಮಕ್ಕಳು ಪೊದೆಯ ಹಿಂದೆ. ನಳ್ಳಿ ಮತ್ತು ಟಾಯ್ಲೆಟ್ ಅವರಿಗೂ ಬೇಕು. ಆ ಟಾಯ್ಲೆಟ್ಟಿನಲ್ಲಿ ಒಂದಾದರೂ ಕಮೋಡ್, ಪಕ್ಕದಲ್ಲಿ ಹಿಡಿದುಕೊಂಡು ಏಳಲು ಒಂದು ಕಬ್ಬಿಣದ ಸರಳು ಇದ್ದರೆ, ಎಷ್ಟೋ ಅಮ್ಮಂದಿರ ಸೆಕೆ ಕಡಿಮೆಯಾಗುತ್ತದೆ.

ಚಿಕ್ಕಮ್ಮ ಬಂದವರು ನಮ್ಮಲ್ಲಿ ಎರಡು ವಾರ ಇದ್ದರು. ಈಗ ಇಬ್ಬರೂ ಫೋನಿನಲ್ಲಿ ಮುಂದಿನ ಪ್ರವಾಸದ ಯೋಜನೆ ಹಾಕಿದ್ದಾರೆ, ನನ್ನನ್ನು ಕೇಳದೆ. ಗೋಕರ್ಣ, ಆಮೇಲೆ ಯಾಣದ ಬಂಡೆಗಳು, ಹತ್ತಲು ಆಗದಿದ್ದರೆ ಕೆಳಗಿನಿಂದಲೇ ನೋಡುತ್ತಾರಂತೆ. ನಾಲ್ಕು ಜನ, 20 ಲೀಟರಿನ ಡಬ್ಬಿ. ಕುಂದಾಪುರದಿಂದ ಕುಮಟಾ ನಡುವೆ ಹೈವೇ ಬದಿಯಲ್ಲಿ ಲಾಡ್ಜೋ ಬಂಕೋ ಇಟ್ಟವರು ಯಾರಾದರೂ "ನಮ್ಮಲ್ಲಿಗೆ ತನ್ನಿ" ಎನ್ನುವುದಾದರೆ, ದಯವಿಟ್ಟು ಇದೇ ಅಂಕಣದಲ್ಲಿ ನಾಲ್ಕು ಸಾಲು ಬರೆಯಲಿ. ತೊಳೆಯುವ ಬ್ರಷ್ಷು, ಗ್ಲೌಸು ನಾನೇ ತರುತ್ತೇನೆ.

– ನಿವೃತ್ತ ಬಸ್ ಚಾಲಕ, ಬ್ರಹ್ಮಾವರ, ಉಡುಪಿ ಜಿಲ್ಲೆ